ಖಂಡ-ಖಂಡಗಳ ನಡುವಿನ ಮಾತುಕತೆಯಿಂದ ನಿಜಕ್ಕೂ ಏನಾದ್ರೂ ಆಗತ್ತಾ? (ಅಸೆಮ್, ಇಯು-ಸೆಲಾಕ್ ಇತ್ಯಾದಿ)

ಓದ್ತಾ_ಓದ್ತಾ:

ಎಲ್ರಿಗೂ ನಮಸ್ಕಾರ. ಸೆಮಿನಾರ್ ಪೇಪರ್ ಒಂದಕ್ಕೆ ತಯಾರಿ ಮಾಡ್ಕೋತಿದೀನಿ. ವಿಷಯ ಏನಂದ್ರೆ ಪ್ರಪಂಚದ ಬೇರೆಬೇರೆ ಪ್ರದೇಶಗಳು ಗುಂಪಾಗಿ ಎದುರುಬದುರು ಕೂತು ನೀತಿ ಬಗ್ಗೆ ಮಾತಾಡೋದು, ಅಂದ್ರೆ ಎರಡು ದೇಶ ಅಲ್ಲ, ಯುರೋಪ್ ಒಂದ್ಕಡೆ ಏಷ್ಯಾ ಇನ್ನೊಂದ್ಕಡೆ, ಅಥವಾ ಯುರೋಪು ಲ್ಯಾಟಿನ್ ಅಮೆರಿಕ, ಆಫ್ರಿಕಾ ಯುರೋಪು, ಹಿಂಗೆ.

ಓದಿದಷ್ಟೂ ಗೊಂದಲ ಜಾಸ್ತಿ ಆಗ್ತಿದೆ. ಜಂಟಿ ಹೇಳಿಕೆಗಳನ್ನ ಒಂದರ ಹಿಂದೆ ಒಂದು ಓದ್ತಾ ಹೋದ್ರೆ ಎಲ್ಲಾ ಒಂದೇ ಥರ ಕಾಣ್ತವೆ, "ಸಹಕಾರ ಬಲಪಡಿಸಲು ನಿರ್ಧರಿಸಲಾಯಿತು" ಅಂತಾರೆ, ಎರಡು ವರ್ಷ ಬಿಟ್ಟು ಮತ್ತೆ ಅದನ್ನೇ ಹೇಳ್ತಾರೆ. ಯುರೋಪಿಯನ್ ಯೂನಿಯನ್ ಮತ್ತೆ ಸೆಲಾಕ್ (ಲ್ಯಾಟಿನ್ ಅಮೆರಿಕ ಮತ್ತೆ ಕೆರಿಬಿಯನ್ ದೇಶಗಳ ಒಕ್ಕೂಟ) ವಿಷಯನೇ ನೋಡಿ, 2015 ಆದ್ಮೇಲೆ ಎಂಟು ವರ್ಷ ಶೃಂಗಸಭೆನೇ ನಡೀಲಿಲ್ಲ, 2023ರ ಜುಲೈನಲ್ಲಿ ಬ್ರಸೆಲ್ಸ್‌ನಲ್ಲಿ 60 ದೇಶದೋರು ಸೇರಿದ್ರು, ಆಗ್ಲೂ ಉಕ್ರೇನ್ ಯುದ್ಧದ ಬಗ್ಗೆ ಒಂದು ಪ್ಯಾರಾ ಹೆಂಗ್ ಬರೀಬೇಕು ಅನ್ನೋದೇ ದೊಡ್ಡ ಜಗ್ಗಾಟ ಆಯ್ತು, ಕೊನೆಗೂ ನಿಕರಾಗುವಾ ಆ ಪ್ಯಾರಾ ಒಪ್ಪಲಿಲ್ಲ. ಇನ್ನು ಒಂದೇ ಪ್ರದೇಶದೋರೇ ಕೂಡೋದು ಕಷ್ಟ, ದಕ್ಷಿಣ ಏಷ್ಯಾ ದೇಶಗಳ ಗುಂಪಾದ ಸಾರ್ಕ್ ಶೃಂಗಸಭೆ ಕೊನೇ ಸಲ ಆಗಿದ್ದು 2014ರಲ್ಲಿ ಕಠ್ಮಂಡುವಿನಲ್ಲಿ. ಒಳಗೇ ಒಗ್ಗಟ್ಟಿಲ್ದೆ ಇರೋ ಗುಂಪು ಹೊರಗಿನ ಗುಂಪಿನ ಜೊತೆ ಏನ್ ಮಾತಾಡತ್ತೆ?

ನನ್ ಪ್ರಶ್ನೆ ಇಷ್ಟೇ. ಈ ಥರದ ಮಾತುಕತೆ ನಿಜವಾಗ್ಲೂ ಫಲ ಕೊಟ್ಟ ಉದಾಹರಣೆ ಇದ್ಯಾ, ಇದ್ರೆ ಅಲ್ಲಿ ಯಾಕೆ ಕೊಡ್ತು, ಬೇರೆ ಕಡೆ ಯಾಕೆ ಕೊಡ್ಲಿಲ್ಲ? ಓದಿರೋರು, ಈ ಕ್ಷೇತ್ರ ಗೊತ್ತಿರೋರು ಸ್ವಲ್ಪ ವಿವರವಾಗಿ ಹೇಳಿ ಪ್ಲೀಸ್.

ಎರಡನೇಸಾಲು:

ಒಳ್ಳೇ ಪ್ರಶ್ನೆ. ನಾನು ಅಸೆಮ್ (ಏಷ್ಯಾ-ಯುರೋಪ್ ದೇಶಗಳು ಸೇರಿ ಮಾತಾಡೋ ವೇದಿಕೆ) ಬಗ್ಗೆ ಹೇಳ್ತೀನಿ ಯಾಕಂದ್ರೆ ಜಾಸ್ತಿ ಓದಿರೋದು ಅದನ್ನೇ.

ಮೊದ್ಲು ಅದು ಹುಟ್ಟಿದ್ದು ಯಾಕೆ ಅಂತ ನೋಡ್ಬೇಕು. 90ರ ದಶಕದ ನಡುವೆ ಏಷ್ಯಾ ಮತ್ತೆ ಅಮೆರಿಕದ ಮಧ್ಯೆ ಏಪೆಕ್ ಅನ್ನೋ ಆರ್ಥಿಕ ಸಹಕಾರದ ವೇದಿಕೆ ಇತ್ತು, ಅಮೆರಿಕ ಮತ್ತೆ ಯುರೋಪ್ ಮಧ್ಯೆ ನೇಟೋದಿಂದ ಹಿಡಿದು ನೂರೆಂಟು ಕೊಂಡಿ ಇದ್ವು, ಏಷ್ಯಾ-ಯುರೋಪ್ ಅನ್ನೋ ಮೂರನೇ ಬದಿ ಮಾತ್ರ ಖಾಲಿ. ಸಿಂಗಾಪುರದ ಪ್ರಧಾನಿ ಗೋ ಚೋಕ್ ಟಾಂಗ್ 1994ರಲ್ಲಿ ಈ ಮಾತು ಎತ್ತಿದ್ರು, 1996ರ ಮಾರ್ಚ್‌ನಲ್ಲಿ ಬ್ಯಾಂಕಾಕ್‌ನಲ್ಲಿ ಮೊದಲ ಸಭೆ ಆಯ್ತು. ಆವಾಗ 26 ಪಾಲುದಾರರು, ಈಗ 53, ಅದ್ರಲ್ಲಿ 51 ದೇಶಗಳು, ಉಳಿದೆರಡು ಯುರೋಪಿಯನ್ ಯೂನಿಯನ್ ಮತ್ತೆ ಆಸಿಯಾನ್ (ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟ) ಸೆಕ್ರೆಟೇರಿಯಟ್. 2008ರ ಬೀಜಿಂಗ್ ಶೃಂಗಸಭೆ ಹೊತ್ತಿಗೆ ಭಾರತ, ಪಾಕಿಸ್ತಾನ, ಮಂಗೋಲಿಯಾ ಕೂಡ ಒಳಗೆ ಬಂದಿದ್ವು.

ಇಲ್ಲಿ ಗಮನಿಸ್ಬೇಕಾದ್ದು ಅಂದ್ರೆ ಅಸೆಮ್‌ಗೆ ಸ್ವಂತ ಸೆಕ್ರೆಟೇರಿಯಟ್ಟೇ ಇಲ್ಲ, ಬೇಕಂತಲೇ ಇಟ್ಕೊಂಡಿಲ್ಲ. ಒಪ್ಪಂದ ಮಾಡ್ಕೊಳ್ಳೋ ಜಾಗ ಅಲ್ಲ ಅದು, ಮನಸ್ಸು ಬಿಚ್ಚಿ ಮಾತಾಡೋ ಜಾಗ ಅಂತಲೇ ಕಟ್ಟಿದ್ದು. ಖಾಯಂ ಸಂಸ್ಥೆ ಅಂತ ಇರೋದು ಒಂದೇ, 1997ರಲ್ಲಿ ಸಿಂಗಾಪುರದಲ್ಲಿ ಶುರುವಾದ ಏಷ್ಯಾ-ಯುರೋಪ್ ಫೌಂಡೇಶನ್. ಹಾಗಾಗಿ "ಅಸೆಮ್ ಯಾವ ಒಪ್ಪಂದ ತಂತು" ಅಂತ ಕೇಳಿದ್ರೆ ಉತ್ತರ ಶೂನ್ಯ, ಆದ್ರೆ ಆ ಅಳತೆಗೋಲೇ ಅದಕ್ಕೆ ಸರಿಹೋಗಲ್ಲ ಅನ್ನೋದು ನನ್ ಅಭಿಪ್ರಾಯ.

2004ರಲ್ಲಿ ಏನಾಯ್ತು ಅಂದ್ರೆ ಮ್ಯಾನ್ಮಾರ್‌ನ ಸೇರಿಸ್ಕೊಳ್ಳೋಕೆ ಯುರೋಪ್ ಒಪ್ಪಲಿಲ್ಲ, ಅವ್ರನ್ನ ಬಿಟ್ಟು ನಿಮ್ಮ ಹೊಸ ಹತ್ತು ಸದಸ್ಯರನ್ನ ನಾವು ಒಪ್ಪಲ್ಲ ಅಂತ ಆಸಿಯಾನ್ ಕಡೆಯೋರು ಪಟ್ಟು ಹಿಡಿದ್ರು, ಮಂತ್ರಿಗಳ ಸಭೆಗಳು ರದ್ದಾದ್ವು, ಕೊನೆಗೆ ಹನೋಯ್ ಶೃಂಗಸಭೆಗೆ ಮ್ಯಾನ್ಮಾರ್ ಬರ್ಲಿ ಆದ್ರೆ ಸರ್ಕಾರದ ಮುಖ್ಯಸ್ಥರ ಮಟ್ಟದಲ್ಲಿ ಬೇಡ ಅಂತ ತೀರ್ಮಾನ ಆಯ್ತು. ಸಿದ್ಧಾಂತದ ಪ್ರಕಾರ ಯಾರಿಗೂ ತೃಪ್ತಿ ಇಲ್ಲ, ಆದ್ರೂ ವೇದಿಕೆ ಮುರಿದು ಬೀಳ್ಲಿಲ್ಲ. ಅದು ಸಣ್ಣ ವಿಷಯ ಅಲ್ಲ.

ಇನ್ನೊಂದು ಜನರಿಗೆ ಗೊತ್ತೇ ಇಲ್ದಿರೋ ಕೆಲಸ. ಆ ಫೌಂಡೇಶನ್ ಮೂಲಕ ಜಪಾನ್ ದುಡ್ಡಲ್ಲಿ ಸಾಂಕ್ರಾಮಿಕ ರೋಗ ಬಂದ್ರೆ ಅಂತ ಔಷಧ ಮತ್ತೆ ರಕ್ಷಣಾ ಸಾಮಗ್ರಿಯ ದಾಸ್ತಾನು ಮಾಡಿಟ್ಟಿದ್ರು, ಕೋವಿಡ್ ಬಂದಾಗ ಅದ್ರಿಂದ ಏಷ್ಯಾದ ಸದಸ್ಯ ದೇಶಗಳಿಗೆ ರಕ್ಷಣಾ ಸಾಮಗ್ರಿ ಹೋಯ್ತು. ಶೃಂಗಸಭೆಯ ಫೋಟೋದಲ್ಲಿ ಇದು ಕಾಣಲ್ಲ.

ದಕ್ಷಿಣ_ದಿಕ್ಕು:

ಮೇಲಿನೋರು ಹೇಳಿದ್ದು ಓದ್ದೆ, ಮಾಹಿತಿ ಎಲ್ಲಾ ಸರಿ, ಆದ್ರೆ ಮನಸ್ಸು ಬಿಚ್ಚಿ ಮಾತಾಡೋ ಜಾಗ ಅನ್ನೋದನ್ನ ನಾನು ಅಷ್ಟು ಸುಲಭಕ್ಕೆ ಒಪ್ಪಲ್ಲ. ಅಜೆಂಡಾ ಯಾರು ಬರೀತಾರೆ, ದುಡ್ಡು ಯಾರು ಹಾಕ್ತಾರೆ, ಮಾತು ಮುರಿದ್ರೆ ನಷ್ಟ ಯಾರಿಗೆ, ಈ ಮೂರು ಕೇಳ್ದೆ ಪ್ರಾದೇಶಿಕ ಸಂವಾದದ ಬಗ್ಗೆ ಬರೆದ್ರೆ ಪೇಪರ್ ಅರ್ಧ ಆಗತ್ತೆ ಅಷ್ಟೇ.

ಯುರೋಪ್ ಮತ್ತೆ ಆಫ್ರಿಕಾ-ಕೆರಿಬಿಯನ್-ಪೆಸಿಫಿಕ್ ದೇಶಗಳ ಸಂಬಂಧ ಓದಿ. 1975ರ ಲೋಮೆ ಒಪ್ಪಂದದಲ್ಲಿ ಆ 46 ದೇಶಗಳ ಬಹುಪಾಲು ಸರಕಿಗೆ ಯುರೋಪ್ ಸುಂಕ ಬಿಟ್ಟಿತ್ತು, ತಿರುಗಿ ಅವ್ರಿಂದ ಸುಂಕ ವಿನಾಯ್ತಿ ಕೇಳಿರ್ಲಿಲ್ಲ. 2000ದ ಕೊಟೊನೂ ಒಪ್ಪಂದ ಬಂದ್ಮೇಲೆ ಲೆಕ್ಕ ಬದಲಾಯ್ತು, ಡಬ್ಲ್ಯುಟಿಓ (ವಿಶ್ವ ವ್ಯಾಪಾರ ಸಂಸ್ಥೆ) ನಿಯಮಕ್ಕೆ ಹೊಂದಲ್ಲ, ಇನ್ಮೇಲೆ ನೀವೂ ನಿಮ್ಮ ಮಾರುಕಟ್ಟೆ ತೆರೀಬೇಕು, ಪ್ರದೇಶವಾರು ಗುಂಪು ಮಾಡ್ಕೊಂಡು ಬನ್ನಿ ಅಂದ್ರು. ಕೇಳೋಕೆ ಚೆನ್ನಾಗಿದೆ, ಪ್ರದೇಶ ಪ್ರದೇಶದ ಜೊತೆ ಮಾತಾಡತ್ತೆ ಅಂತ. ಆದ್ರೆ ಒಂದೇ ಗುಂಪಿನೊಳಗೆ ದೇಶದೇಶದ ಹಿತ ಬೇರೆ ಬೇರೆ ಇರತ್ತಲ್ಲ. ಪೂರ್ವ ಆಫ್ರಿಕಾ ಸಮುದಾಯದಲ್ಲಿ ತಾಂಜಾನಿಯಾ, ಉಗಾಂಡಾ ಇವೆಲ್ಲ ಅತಿ ಹಿಂದುಳಿದ ದೇಶಗಳ ಪಟ್ಟಿಯಲ್ಲಿವೆ, ಒಪ್ಪಂದ ಆಗ್ಲಿ ಬಿಡ್ಲಿ ಅವ್ರ ಸರಕಿಗೆ ಯುರೋಪ್‌ನಲ್ಲಿ ಸುಂಕ ಇಲ್ಲ. ಕೀನ್ಯಾ ಆ ಪಟ್ಟಿಯಲ್ಲಿಲ್ಲ. ಹಾಗಾಗಿ 2014ರಲ್ಲಿ ಒಪ್ಪಂದ ಮುಗಿಸೋಕೆ ಯುರೋಪ್ ಇಟ್ಟಿದ್ದ ಗಡುವು ಮೀರಿದ ತಕ್ಷಣ ಕೀನ್ಯಾದ ಹೂವಿನ ಮೇಲೆ ಕೆಲವು ತಿಂಗಳು ಸುಂಕ ಬಿತ್ತು, ಪೆಟ್ಟು ತಿಂದಿದ್ದು ಹೂ ಬೆಳೆಯೋ ಕಡೆಯೋರು. 2016ರಲ್ಲಿ ಕೀನ್ಯಾ, ರುವಾಂಡಾ ಸಹಿ ಹಾಕಿದ್ವು, ನಮ್ಮ ಕೈಗಾರಿಕೆ ಬೆಳೆಯಲ್ಲ ಅಂತ ತಾಂಜಾನಿಯಾ ಹಿಂದೆ ಸರೀತು. ಕೊನೆಗೆ ಏನಾಯ್ತು, 2023ರ ಡಿಸೆಂಬರ್‌ನಲ್ಲಿ ಕೀನ್ಯಾ ಒಂಟಿಯಾಗಿ ಯುರೋಪ್ ಜೊತೆ ಸಹಿ ಹಾಕ್ತು, 2024ರ ಜುಲೈನಿಂದ ಜಾರಿ.

ಪ್ರದೇಶಗಳನ್ನ ಹತ್ತಿರ ತರ್ಬೇಕು ಅಂತ ಶುರುವಾದ ಮಾತುಕತೆ ಒಂದು ಪ್ರದೇಶದ ಒಳಗೇ ಬಿರುಕು ತಂತು. ಯಾರದೋ ಕೆಟ್ಟ ಉದ್ದೇಶ ಅಂತ ಹೇಳ್ತಿಲ್ಲ ನಾನು, ಗಡುವು ಇಟ್ಟೋರು ಒಬ್ರು, ಅದರ ಬಿಸಿ ತಟ್ಟಿದ್ದು ಇನ್ನೊಬ್ರಿಗೆ, ಅದು ನಂಗೆ ತುಂಬಾ ಬೇಜಾರು ತರಿಸೋ ವಿಷಯ.

ಈಗ ಗಡಿ ಕಾರ್ಬನ್ ಸುಂಕದಲ್ಲೂ (ಸರಕು ತಯಾರಿಸುವಾಗ ಹೊರಬಿದ್ದ ಕಾರ್ಬನ್ ಲೆಕ್ಕ ಹಾಕಿ ಆಮದಿನ ಮೇಲೆ ಹಾಕೋ ಶುಲ್ಕ) ಅದೇ ವಾಸನೆ ಇದೆ. ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ ಇದರ ಮೇಲೆ ಯುರೋಪ್ 2023ರಲ್ಲಿ ಕಾನೂನು ಮಾಡ್ತು, ಆ ಅಕ್ಟೋಬರ್‌ನಿಂದ ಲೆಕ್ಕ ಒಪ್ಪಿಸೋದು ಶುರು, 2026ರಿಂದ ಪೂರ್ತಿ ಜಾರಿ. ಹವಾಮಾನಕ್ಕೆ ಅಗತ್ಯ ಇರ್ಬಹುದು, ಒಪ್ತೀನಿ. ಆದ್ರೆ ಮಾತುಕತೆ ಕಾನೂನಿಗಿಂತ ಮೊದ್ಲು ಆಗ್ಬೇಕಿತ್ತು, ಆಮೇಲೆ ಬಂದು ವಿವರಿಸೋದನ್ನ ಸಂವಾದ ಅನ್ನೋಕಾಗಲ್ಲ.

ನದಿಮಾತು:

ದಕ್ಷಿಣ_ದಿಕ್ಕು ಹೇಳಿದ್ದು ವ್ಯಾಪಾರದ ಮಟ್ಟಿಗೆ ನಿಜ. ನಾನು ನೀರಿನ ಕಡೆಯಿಂದ ಹೇಳ್ತೀನಿ, ಅಲ್ಲಿ ಕಥೆ ಬೇರೆ.

ಡ್ಯಾನ್ಯೂಬ್ ನದಿ ಕಣಿವೆ 19 ದೇಶಗಳಲ್ಲಿ ಹರಡಿದೆ. 1994ರಲ್ಲಿ ಸೋಫಿಯಾದಲ್ಲಿ ಒಪ್ಪಂದ ಆಗಿ 1998ರಿಂದ ಜಾರಿ, ವಿಯೆನ್ನಾದಲ್ಲಿ ಆಯೋಗ ಕೂತಿದೆ. ಈ ಕಡೆ ಮೆಕಾಂಗ್‌ಗೆ 1995ರಲ್ಲಿ ಕಾಂಬೋಡಿಯಾ, ಲಾವೋಸ್, ಥಾಯ್ಲೆಂಡ್, ವಿಯೆಟ್ನಾಂ ಸೇರಿ ಆಯೋಗ ಮಾಡ್ಕೊಂಡ್ವು, ಮೇಲ್ಭಾಗದ ಚೀನಾ, ಮ್ಯಾನ್ಮಾರ್ ಸದಸ್ಯರಲ್ಲ, ಡೈಲಾಗ್ ಪಾರ್ಟ್ನರ್ ಅಷ್ಟೇ. ಈ ಎರಡು ಆಯೋಗಗಳು ಒಬ್ರಿಂದೊಬ್ರು ಕಲೀತಾ ಬಂದಿವೆ, ಅಸೆಮ್ ಒಳಗೂ ಡ್ಯಾನ್ಯೂಬ್-ಮೆಕಾಂಗ್ ಅಂತ ನೀರಿನ ಮಾತುಕತೆ ನಡೆದಿದೆ. ಮಂತ್ರಿಗಳಿಗಿಂತ ಜಾಸ್ತಿ ಇಂಜಿನಿಯರ್‌ಗಳು, ನೀರಿನ ಮಾಪನ ಮಾಡೋರು, ಮೀನಿನ ಬಗ್ಗೆ ಅಧ್ಯಯನ ಮಾಡೋರು ಮಾತಾಡೋ ಜಾಗ ಇದು.

ಯಾಕೆ ಇದು ಮುಖ್ಯ ಅಂದ್ರೆ, 2000ದ ಜನವರಿ ಕೊನೆಗೆ ರೊಮೇನಿಯಾದ ಬಾಯಾ ಮಾರೆಯಲ್ಲಿ ಚಿನ್ನದ ಗಣಿ ತ್ಯಾಜ್ಯದ ಕಟ್ಟೆ ಒಡೆದು ಸುಮಾರು 1 ಲಕ್ಷ ಘನ ಮೀಟರ್ ಸಯನೈಡ್ ನೀರು ಹೊಳೆಗೆ ಬಿತ್ತು, ಅಲ್ಲಿಂದ ಹಂಗೇರಿಯ ಟಿಸಾ ನದಿಗೆ, ಅಲ್ಲಿಂದ ಡ್ಯಾನ್ಯೂಬ್‌ಗೆ. ಮೀನುಗಳು ರಾಶಿರಾಶಿ ಸತ್ತವು. ಆದ್ರೆ ಅಪಘಾತ ಆದ್ರೆ ಕೆಳಗಿನ ದೇಶಕ್ಕೆ ತಕ್ಷಣ ಸಂದೇಶ ಕೊಡೋ ವ್ಯವಸ್ಥೆ ಅಷ್ಟೊತ್ತಿಗೆ ಶುರುವಾಗಿತ್ತು, ಹಾಗಾಗಿ ಕೆಳಗಿನೋರಿಗೆ ನೀರು ಎತ್ತೋದನ್ನ ನಿಲ್ಲಿಸೋಕೆ ಸಮಯ ಸಿಕ್ತು. ಇದು ಯಾವ ಭಾಷಣದಿಂದಲೂ ಬರೋದಲ್ಲ, ರಾತ್ರಿ ಎರಡು ಗಂಟೆಗೆ ಫೋನ್ ಎತ್ತೋ ಮನುಷ್ಯ ಆ ಕಡೆ ಇದಾನೆ, ಅವ್ನಿಗೆ ಯಾವ ಫಾರ್ಮ್‌ನಲ್ಲಿ ಏನು ಹೇಳ್ಬೇಕು ಅಂತ ಮೊದ್ಲೇ ಒಪ್ಕೊಂಡಿದಾರೆ, ಅದ್ರಿಂದ ಬರೋದು.

ಮೆಕಾಂಗ್‌ನಲ್ಲಿ ಮೇಲಿನ ಅಣೆಕಟ್ಟೆಗಳ ಅನುಮಾನ ಯಾವಾಗ್ಲೂ ಇದ್ದಿದ್ದೇ. ಆದ್ರೂ 2002ರಲ್ಲಿ ಚೀನಾ ಮಳೆಗಾಲದ ನೀರಿನ ಮಟ್ಟದ ಅಂಕಿಅಂಶ ಕೊಡೋಕೆ ಒಪ್ತು, 2020ರಲ್ಲಿ ವರ್ಷಪೂರ್ತಿ ಕೊಡ್ತೀವಿ ಅಂತು. ಹದಿನೆಂಟು ವರ್ಷ ಹಿಡೀತು! ನಿಧಾನ ಅಂತ ಬೈಬಹುದು, ಆದ್ರೆ ಬೇಸಿಗೆಯಲ್ಲಿ ನೀರು ಎಷ್ಟು ಬರ್ತಿದೆ ಅಂತ ಗೊತ್ತಾಗೋದು ಕೆಳಗಿನ ರೈತನಿಗೆ, ಮೀನುಗಾರನಿಗೆ ಜೀವನದ ಪ್ರಶ್ನೆ. ನಂಗಂತೂ ಇಂಥ ಕೆಲಸದ ಮೇಲೆ ತುಂಬಾ ಗೌರವ ಇದೆ.

ಓದ್ತಾ_ಓದ್ತಾ:

ಮೂರೂ ಉತ್ತರಕ್ಕೆ ತುಂಬಾ ಥ್ಯಾಂಕ್ಸ್, ಕೀನ್ಯಾದ ಹೂವಿನ ವಿಷಯ ಗೊತ್ತೇ ಇರ್ಲಿಲ್ಲ. ಹಾಗಾದ್ರೆ ನೀರು, ರೋಗ ಇಂಥ ತಾಂತ್ರಿಕ ವಿಷಯದಲ್ಲಿ ಮಾತ್ರ ಆಗತ್ತೆ, ದುಡ್ಡು ಅಧಿಕಾರ ಬಂದ ಕಡೆ ಆಗಲ್ಲ ಅಂತ ಬರೀಬಹುದಾ? ಇಲ್ಲಾ ಅದು ಅವಸರದ ತೀರ್ಮಾನನಾ?

ದಕ್ಷಿಣ_ದಿಕ್ಕು:

ಅವಸರದ್ದೇ. ದುಡ್ಡು ಇದ್ದೂ ಆಗಿರೋದು ಓಝೋನ್ ವಿಷಯ. ಓಝೋನ್ ಪದರ ಹಾಳುಮಾಡೋ ಅನಿಲಗಳನ್ನ ನಿಲ್ಲಿಸೋ 1987ರ ಒಪ್ಪಂದ, ಅಂದ್ರೆ ಮಾಂಟ್ರಿಯಲ್ ಪ್ರೋಟೋಕಾಲ್‌ಗೆ ಭಾರತ, ಚೀನಾ ಮೊದ್ಲು ಸೇರ್ಲಿಲ್ಲ, ಫ್ರಿಜ್ಜಿನ ಅನಿಲ ಬದಲಾಯಿಸೋ ಖರ್ಚು ಯಾರು ಕೊಡ್ತಾರೆ ಅಂತ ನೇರವಾಗಿ ಕೇಳಿದ್ವು. 1990ರಲ್ಲಿ ಲಂಡನ್‌ನಲ್ಲಿ ಅದಕ್ಕೊಂದು ನಿಧಿ ಮಾಡೋಣ ಅಂತ ಒಪ್ಪಿಗೆ ಆದ್ಮೇಲೆ ಚೀನಾ 1991ರಲ್ಲಿ, ಭಾರತ 1992ರಲ್ಲಿ ಸೇರಿದ್ವು. ಆ ನಿಧಿಯ ಸಮಿತಿ ನೋಡಿ, ಶ್ರೀಮಂತ ದೇಶದೋರು 7, ಅಭಿವೃದ್ಧಿಶೀಲ ದೇಶದೋರು 7. ಮತಕ್ಕೆ ಹೋದ್ರೆ ಮೂರನೇ ಎರಡು ಭಾಗ ಬೇಕು, ಜೊತೆಗೆ ಎರಡೂ ಗುಂಪಿನಲ್ಲಿ ಬೇರೆಬೇರೆಯಾಗಿ ಬಹುಮತ ಬೇಕು. ದುಡ್ಡು ಕೊಡೋನು ಒಬ್ಬನೇ ತೀರ್ಮಾನ ಮಾಡೋ ಹಾಗಿಲ್ಲ, ತಗೊಳೋನೂ ಅಷ್ಟೇ. 2009ರ ಹೊತ್ತಿಗೆ ಪ್ರಪಂಚದ ಎಲ್ಲಾ ದೇಶಗಳೂ ಆ ಪ್ರೋಟೋಕಾಲ್ ಒಪ್ಕೊಂಡಿದ್ವು. ನಿಮ್ಮ ಪೇಪರ್‌ನಲ್ಲಿ ಯಾವ ವಿಷಯ ಅನ್ನೋದಕ್ಕಿಂತ ಮೇಜಿನ ಸುತ್ತ ಕುರ್ಚಿ ಹೆಂಗ್ ಹಾಕಿದಾರೆ ಅನ್ನೋದನ್ನ ನೋಡಿ.

ಎರಡನೇಸಾಲು:

ಇದನ್ನ ಪೂರ್ತಿ ಒಪ್ತೀನಿ. ಇನ್ನೊಂದು ಸೇರಿಸ್ತೀನಿ, ಯುರೋಪ್ ಇಲ್ದೆ ಬೇರೆ ಪ್ರದೇಶಗಳು ನೇರವಾಗಿ ಕಲಿಯೋದೂ ಇದೆ. ಬ್ರೆಜಿಲ್‌ನ ಶಾಲಾ ಊಟದ ಯೋಜನೆಯಲ್ಲಿ 2009ರ ಕಾನೂನಿನ ಪ್ರಕಾರ ಕೇಂದ್ರದ ಅನುದಾನದ ಕನಿಷ್ಠ 30 ಪರ್ಸೆಂಟ್ ಸಣ್ಣ ರೈತ ಕುಟುಂಬಗಳಿಂದಲೇ ಆಹಾರ ಕೊಳ್ಳೋಕೆ ಖರ್ಚು ಮಾಡ್ಬೇಕಿತ್ತು. 2011ರಲ್ಲಿ ವಿಶ್ವ ಆಹಾರ ಕಾರ್ಯಕ್ರಮ ಬ್ರೆಸೀಲಿಯಾದಲ್ಲಿ ಇದಕ್ಕೊಂದು ಕೇಂದ್ರ ತೆರೀತು, ಆಫ್ರಿಕಾದ ಸರ್ಕಾರಗಳ ಅಧಿಕಾರಿಗಳು ಬಂದು ನೋಡಿದ್ರು, 2012ರಿಂದ ಇಥಿಯೋಪಿಯಾ, ಮಲಾವಿ, ಮೊಜಾಂಬಿಕ್, ನೈಜರ್, ಸೆನೆಗಲ್ ಐದು ಕಡೆ ಸ್ಥಳೀಯ ರೈತರಿಂದ ಕೊಂಡು ಶಾಲೆಗೆ ಕೊಡೋ ಪ್ರಯೋಗ ನಡೀತು. ಅದಕ್ಕೂ ದುಡ್ಡಿನ ಒಂದು ಭಾಗ ಬ್ರಿಟನ್‌ನಿಂದ ಬಂತು ಅನ್ನೋದೂ ನಿಜ, ಅದನ್ನ ಬಿಟ್ಟು ಬರೀಬೇಡಿ. ಆದ್ರೆ ಯಾರಿಂದ ಕಲೀತೀವಿ ಅಂತ ಆಯ್ಕೆ ಮಾಡಿದ್ದು ಆಫ್ರಿಕಾದ ಸರ್ಕಾರಗಳೇ, ಬಡತನ ಮತ್ತೆ ಸಣ್ಣ ಹಿಡುವಳಿ ಎರಡೂ ಗೊತ್ತಿರೋ ದೇಶ ಅಂತ.

ನೀವು 2023ರ ಸೆಪ್ಟೆಂಬರ್‌ನಲ್ಲಿ ಆಫ್ರಿಕನ್ ಯೂನಿಯನ್ ಜಿ20ಗೆ ಖಾಯಂ ಸದಸ್ಯ ಆಗಿದ್ದನ್ನೂ ನೋಡಿ. ಯುರೋಪಿಯನ್ ಯೂನಿಯನ್‌ಗೆ ಶುರುವಿಂದ್ಲೂ ಅಲ್ಲಿ ಜಾಗ ಇತ್ತು, ಆಫ್ರಿಕಾಕ್ಕೆ ಸಿಕ್ಕಿದ್ದು ಈಗ. ಆ ಕುರ್ಚಿಯಲ್ಲಿ ಕೂತು 55 ದೇಶದ ಪರವಾಗಿ ಒಂದೇ ದನಿಯಲ್ಲಿ ಮಾತಾಡೋಕೆ ಅವ್ರು ಒಳಗೆ ಹೆಂಗೆ ತಯಾರಿ ಮಾಡ್ಕೋತಾರೆ ಅನ್ನೋದೇ ನೀವು ಮೊದ್ಲು ಕೇಳಿದ ಸಾರ್ಕ್ ಪ್ರಶ್ನೆಯ ಇನ್ನೊಂದು ಮುಖ, ಪೇಪರ್‌ಗೆ ಒಂದು ಅಧ್ಯಾಯ ಅಲ್ಲೇ ಸಿಗತ್ತೆ.