ಟೈಪ್ ಮಾಡುವಾಗ ಕರ್ಸರ್ ಎಲ್ಲೆಲ್ಲಿಗೋ ಎಗರುತ್ತೆ, ಲಿಬ್‌ಇನ್‌ಪುಟ್‌ನದ್ದೇ ತೊಂದರೆನಾ?

ವಿವಿರೋಡ್_ಡಿಟಿಪಿ
ಮಂಡ್ಯದಲ್ಲಿ ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಅರ್ಜಿ, ಕರಪತ್ರ ಇಂಥವೇ ಜಾಸ್ತಿ. ಈಚೆಗೆ ಲ್ಯಾಪ್‌ಟಾಪ್‌ಗೆ ಫೆಡೋರಾ ಲಿನಕ್ಸ್ ಹಾಕಿಕೊಂಡೆ. ಡೆಸ್ಕ್‌ಟಾಪ್ ಗ್ನೋಮ್, ಪರದೆ ನಡೆಸೋದು ವೇಲ್ಯಾಂಡ್. ಕನ್ನಡಕ್ಕೆ ಐಬಸ್‌ನಲ್ಲಿ ಕೆಜಿಪಿ ಲೇಔಟ್. ಅದೆಲ್ಲ ಚೆನ್ನಾಗಿದೆ.

ತೊಂದರೆ ಏನಪ್ಪಾ ಅಂದ್ರೆ, ಸ್ಪೀಡಾಗಿ ಹೊಡೆಯುವಾಗ ಅಂಗೈ ಟಚ್‌ಪ್ಯಾಡ್‌ಗೆ ತಗುಲಿ ಕರ್ಸರ್ ಬೇರೆ ಸಾಲಿಗೆ ಹಾರಿಬಿಡುತ್ತೆ. ಪತ್ರಿಕೆಯ ಕೆಳಗೆ ವಧುವಿನ ತಂದೆ ಹೆಸರು ಹೊಡೆಯುತ್ತಾ ಇರುತ್ತೇನೆ, ತಲೆ ಎತ್ತಿ ನೋಡಿದರೆ ಮೇಲೆ ಚಿ|| ರಾ|| ಪಕ್ಕದಲ್ಲಿ 'ಗೌಡರ ಸುಪುತ್ರಿ' ಅಂತ ಕೂತಿರುತ್ತೆ! ಸೆಟ್ಟಿಂಗ್ಸ್‌ನಲ್ಲಿ 'ಟೈಪ್ ಮಾಡುವಾಗ ಟಚ್‌ಪ್ಯಾಡ್ ಆಫ್' ಅನ್ನೋದು ಆನ್ ಇದೆ, ಆದರೂ ಹೀಗೆ. ಇದನ್ನೆಲ್ಲ ನೋಡಿಕೊಳ್ಳೋದು ಲಿಬ್‌ಇನ್‌ಪುಟ್ ಅಂತ ಗೊತ್ತಾಯ್ತು. ಅದರ ಕಾನ್ಫಿಗ್ ಫೈಲ್ ಎಲ್ಲಿರುತ್ತೆ? ಹುಡುಕಿ ಸಾಕಾಯ್ತು.

ಹೇಳೋದು ಮರೆತೆ, ಕ್ಯಾಪ್ಸ್ ಲಾಕ್ ಒತ್ತಿದರೆ ಕನ್ನಡ-ಇಂಗ್ಲಿಷ್ ಬದಲಾಗಲಿ ಅಂತ ಕೀಡಿ (ಕೀಗಳ ಕೆಲಸ ಬದಲಿಸೋ ಪ್ರೋಗ್ರಾಂ) ಹಾಕಿಕೊಂಡಿದ್ದೇನೆ.

ಹಳೇಪೆಂಟಿಯಂ
ಟಚ್‌ಪ್ಯಾಡ್‌ಗೆ ಸಿನಾಪ್ಟಿಕ್ಸ್ ಡ್ರೈವರ್ ಹಾಕಿ, ಜೊತೆಗೆ ಟೈಪ್ ಮಾಡುವಾಗ ಅದನ್ನ ತಡೆಯೋ ಸಿನ್‌ಡೀಮನ್ ಓಡಿಸಿ. ನಾನು ವರ್ಷಗಟ್ಟಲೆ ಹಾಗೇ ಮಾಡಿದ್ದು, ಒಂದು ದಿನಾನೂ ಕೈ ಕೊಟ್ಟಿಲ್ಲ.

ಒಂಟಿಕೊಪ್ಪಲ್_ಲಿನಕ್ಸ್
@ಹಳೇಪೆಂಟಿಯಂ ಅಣ್ಣ, ಅದು ವೇಲ್ಯಾಂಡ್‌ಗೆ ಮುಂಚಿನ ಎಕ್ಸ್‌ಆರ್ಗ್ ಕಾಲದ ಮಾತು. ಅವರು ವೇಲ್ಯಾಂಡ್‌ನಲ್ಲಿದ್ದಾರೆ, ಅಲ್ಲಿ ಎಕ್ಸ್ ಡ್ರೈವರ್ ಲೆಕ್ಕಕ್ಕೇ ಬರಲ್ಲ.

@ವಿವಿರೋಡ್_ಡಿಟಿಪಿ ಸರ್, ಮೊದಲು ಕಾನ್ಫಿಗ್ ಫೈಲ್ ವಿಷಯ. ಬಳಸುವವರು ತಿದ್ದೋ ಅಂಥ ಕಾನ್ಫಿಗ್ ಫೈಲ್ ಲಿಬ್‌ಇನ್‌ಪುಟ್‌ಗೆ ಇಲ್ಲವೇ ಇಲ್ಲ, ಅದಕ್ಕೇ ಸಿಕ್ಕಿಲ್ಲ. ಅದು ಬರೀ ಲೈಬ್ರರಿ. ಕರ್ನಲ್‌ನಿಂದ ಬರುವ ಕಚ್ಚಾ ಈವೆಂಟ್‌ಗಳನ್ನ ತಗೊಂಡು, ಇದು ಟ್ಯಾಪು, ಇದು ಎರಡು ಬೆರಳಿನ ಸ್ಕ್ರೋಲು, ಇದು ಅಂಗೈ ಅಂತ ವಿಂಗಡಿಸಿ ಮೇಲಕ್ಕೆ ಕೊಡುತ್ತೆ. ಯಾವ ಆಪ್ಷನ್ ಆನ್, ಯಾವುದು ಆಫ್ ಅಂತ ಹೇಳೋದು ಗ್ನೋಮ್‌ನ ಮಟರ್, ಕೆಡಿಇ ಆದರೆ ಕೆವಿನ್. 2015ರಲ್ಲಿ 1.0 ಬಂತು, ಈಗ ವೇಲ್ಯಾಂಡ್ ಡೆಸ್ಕ್‌ಟಾಪ್‌ಗಳೆಲ್ಲ ಹೆಚ್ಚುಕಮ್ಮಿ ಇದನ್ನೇ ನಂಬಿಕೊಂಡಿವೆ. ಎಕ್ಸ್‌ಆರ್ಗ್‌ಗೂ ಇದರದ್ದೇ ಡ್ರೈವರ್ ಇದೆ.

ನಿಮ್ಮ ಸಮಸ್ಯೆಗೆ ಕಾರಣ ನೀವೇ ಕೊನೇ ಸಾಲಲ್ಲಿ ಬರೆದಿದ್ದೀರಿ: ಕೀಡಿ. ಅದು ಲ್ಯಾಪ್‌ಟಾಪ್‌ನ ನಿಜವಾದ ಕೀಬೋರ್ಡನ್ನ ಪೂರ್ತಿ ತನ್ನ ಹಿಡಿತಕ್ಕೆ ತಗೊಂಡು, ಅದರ ಬದಲು 'ಕೀಡಿ ವರ್ಚುಯಲ್ ಕೀಬೋರ್ಡ್' ಅಂತ ಒಂದು ಹುಸಿ ಕೀಬೋರ್ಡ್ ಹುಟ್ಟಿಸುತ್ತೆ. ಇತ್ತ ಲಿಬ್‌ಇನ್‌ಪುಟ್ ಟಚ್‌ಪ್ಯಾಡನ್ನ ತಡೆಹಿಡಿಯೋದು ಲ್ಯಾಪ್‌ಟಾಪ್‌ನ ಸ್ವಂತ ಕೀಬೋರ್ಡ್‌ನಲ್ಲಿ ಟೈಪ್ ಮಾಡಿದಾಗ ಮಾತ್ರ. ಹೊರಗಿಂದ ಚುಚ್ಚಿದ ಕೀಬೋರ್ಡ್ ಆದರೆ ಅಂಗೈ ಟಚ್‌ಪ್ಯಾಡ್ ಮೇಲೆ ಇರಲ್ಲ ಅಲ್ವಾ, ಸುಮ್ನೆ ಯಾಕೆ ಆಫ್ ಮಾಡೋದು ಅನ್ನೋ ಲೆಕ್ಕ. ಕೀಡಿಯ ಹುಸಿ ಕೀಬೋರ್ಡನ್ನೂ ಅದು ಹೊರಗಿನದು ಅಂತಲೇ ತಿಳಿಯುತ್ತೆ. ಹಾಗಾಗಿ ಸೆಟ್ಟಿಂಗ್ಸ್‌ನಲ್ಲಿ ಆನ್ ಅಂತ ಇದ್ದರೂ ಏನೂ ಆಗಲ್ಲ.

ಖಾತ್ರಿ ಮಾಡಿಕೊಳ್ಳೋಕೆ ಕೀಡಿ ನಿಲ್ಲಿಸಿ ಒಂದು ಪ್ಯಾರಾ ಹೊಡೆದು ನೋಡಿ. ಎಗರೋದು ನಿಂತರೆ ಕಳ್ಳ ಸಿಕ್ಕಿದ ಹಾಗೆ.

ವಿವಿರೋಡ್_ಡಿಟಿಪಿ
ಕೀಡಿ ನಿಲ್ಲಿಸಿದ ಮೇಲೆ ಬೇಕಂತಲೇ ಅಂಗೈ ಒತ್ತಿಕೊಂಡು ಟೈಪ್ ಮಾಡಿದೆ ಗುರುಗಳೇ, ಕರ್ಸರ್ ಅಲ್ಲಾಡಲಿಲ್ಲ! ಆದರೆ ಕೀಡಿ ಬಿಡೋಕಾಗಲ್ಲ, ಕ್ಯಾಪ್ಸ್ ಲಾಕ್ ಕೈಗೆ ಕೂತುಬಿಟ್ಟಿದೆ. ಎರಡೂ ಇಟ್ಟುಕೊಳ್ಳೋಕೆ ದಾರಿ ಇದೆಯಾ?

ಒಂಟಿಕೊಪ್ಪಲ್_ಲಿನಕ್ಸ್
ಇದೆ. ಸೆಟ್ಟಿಂಗ್‌ಗಳಿಗೆ ಕಾನ್ಫಿಗ್ ಫೈಲ್ ಇಲ್ಲ ಅಂದೆನಲ್ಲ, ಆದರೆ ಯಾವುದೋ ಒಂದು ಡಿವೈಸ್ ಬಗ್ಗೆ ಅದರ ಎಣಿಕೆ ತಿದ್ದೋಕೆ ಕ್ವರ್ಕ್ಸ್ ಅನ್ನೋ ಬೇರೆ ಫೈಲ್ ಇಡಬಹುದು. ಈಟಿಸಿ (/etc) ಒಳಗೆ ಲಿಬ್‌ಇನ್‌ಪುಟ್ ಅಂತ ಫೋಲ್ಡರ್ ಮಾಡಿ, ಅದರಲ್ಲಿ ಲೋಕಲ್-ಓವರ್‌ರೈಡ್ಸ್ ಡಾಟ್ ಕ್ವರ್ಕ್ಸ್ ಅನ್ನೋ ಫೈಲ್ ಇಡಿ. ಮೊದಲ ಸಾಲು ಚೌಕ ಬ್ರಾಕೆಟ್ ಒಳಗೆ ಯಾವುದಾದರೂ ಹೆಸರು. ಆಮೇಲೆ ಮೂರು ಸಾಲು: ಮ್ಯಾಚ್‌ಯುಡೆವ್‌ಟೈಪ್‌ಗೆ ಕೀಬೋರ್ಡ್, ಮ್ಯಾಚ್‌ನೇಮ್‌ಗೆ ಕೀಡಿ ವರ್ಚುಯಲ್ ಕೀಬೋರ್ಡ್, ಅಟ್ರ್‌ಕೀಬೋರ್ಡ್‌ಇಂಟಿಗ್ರೇಷನ್‌ಗೆ ಇಂಟರ್ನಲ್. ಈ ಮೂರನೇದೇ ಮುಖ್ಯ, 'ಇದು ಹೊರಗಿನದಲ್ಲಪ್ಪಾ, ಮನೆಯದೇ' ಅಂತ ಲಿಬ್‌ಇನ್‌ಪುಟ್‌ಗೆ ಹೇಳೋದು ಅದು. ಕೀಡಿಯ ರೀಡ್‌ಮಿಯಲ್ಲೇ ಈ ಸಾಲುಗಳಿವೆ, ಅಲ್ಲಿಂದ ಕಾಪಿ ಮಾಡಿ, ಸ್ಪೆಲ್ಲಿಂಗ್ ತಪ್ಪಲ್ಲ. ಲಾಗ್‌ಔಟ್ ಆಗಿ ಒಳಗೆ ಬರಬೇಕು, ಇಲ್ಲದಿದ್ದರೆ ಫೈಲ್ ಓದಲ್ಲ.

ಸರಸ್ವತಿಪುರಂ_ದೇವ್
ಎರಡು ಮಾತು ಸೇರಿಸ್ತೀನಿ. ಈ ಕ್ವರ್ಕ್ಸ್ ಫೈಲ್ ಶೈಲಿ ಮುಂದಕ್ಕೂ ಹೀಗೇ ಇರುತ್ತೆ ಅಂತ ಲಿಬ್‌ಇನ್‌ಪುಟ್‌ನವರು ಮಾತು ಕೊಟ್ಟಿಲ್ಲ, ಡಾಕ್ಯುಮೆಂಟೇಶನ್‌ನಲ್ಲೇ ಹಾಗೆ ಬರೆದಿದ್ದಾರೆ. ದೊಡ್ಡ ಅಪ್‌ಡೇಟ್ ಆದ ಮೇಲೆ ಮತ್ತೆ ಎಗರೋಕೆ ಶುರುವಾದರೆ ಮೊದಲು ಅಲ್ಲಿ ನೋಡಿ. 'ಲಿಬ್‌ಇನ್‌ಪುಟ್ ಕ್ವರ್ಕ್ಸ್ ಲಿಸ್ಟ್' ಕಮಾಂಡ್‌ಗೆ ಆ ಡಿವೈಸ್‌ನ ಈವೆಂಟ್ ಫೈಲ್ ಕೊಟ್ಟರೆ ನಿಮ್ಮ ಸಾಲು ಹತ್ತಿದೆಯೋ ಇಲ್ಲವೋ ಗೊತ್ತಾಗುತ್ತೆ. ಯಾವುದು ಯಾವ ಈವೆಂಟ್ ಫೈಲ್ ಅಂತ 'ಲಿಬ್‌ಇನ್‌ಪುಟ್ ಲಿಸ್ಟ್-ಡಿವೈಸಸ್' ತೋರಿಸುತ್ತೆ. ಎರಡಕ್ಕೂ ಸುಡೋ ಹಾಕಿ.

ಇನ್ನೊಂದು, ಶಿಫ್ಟ್, ಕಂಟ್ರೋಲ್ ಥರದ ಕೀಗಳನ್ನ ಮಾತ್ರ ಒತ್ತಿ ಹಿಡಿದರೆ ಟಚ್‌ಪ್ಯಾಡ್ ಆಫ್ ಆಗಲ್ಲ. ಕಂಟ್ರೋಲ್ ಹಿಡಿದು ಕ್ಲಿಕ್ ಮಾಡುವವರಿಗೆ ತೊಂದರೆ ಆಗದಿರಲಿ ಅಂತ ಹಾಗಿಟ್ಟಿದ್ದಾರೆ. ಮಹಾಪ್ರಾಣಕ್ಕೆ ಶಿಫ್ಟ್ ಹಿಡಿದುಕೊಂಡು ಮುಂದಿನ ಅಕ್ಷರ ಯೋಚಿಸ್ತಾ ಕೂತರೆ ಅಂಗೈ ಎತ್ತಿಕೊಂಡಿರಿ.

ಹಳೇಪೆಂಟಿಯಂ
ಅಷ್ಟೆಲ್ಲ ಯಾಕೆ ಸ್ವಾಮಿ, ಅಂಗಡಿಯಲ್ಲಿ ಮೌಸ್ ಇರುತ್ತಲ್ಲ. ಟಚ್‌ಪ್ಯಾಡನ್ನೇ ಕಿತ್ತುಹಾಕಿ ಅಂದ ಹಾಗೆ ಆಫ್ ಮಾಡಿದ್ರಾಯ್ತು.

ಒಂಟಿಕೊಪ್ಪಲ್_ಲಿನಕ್ಸ್
ಇದೂ ಸರಿನೇ ಅಣ್ಣ. ಮೌಸ್ ಚುಚ್ಚಿದಾಗ ಮಾತ್ರ ಟಚ್‌ಪ್ಯಾಡ್ ಆಫ್ ಆಗೋ ಆಪ್ಷನ್ ಲಿಬ್‌ಇನ್‌ಪುಟ್‌ನಲ್ಲೇ ಇದೆ. ಗ್ನೋಮ್‌ನಲ್ಲಿ ಜಿಸೆಟ್ಟಿಂಗ್ಸ್ ಅನ್ನೋ ಕಮಾಂಡ್‌ನಿಂದ ಟಚ್‌ಪ್ಯಾಡ್‌ನ ಸೆಂಡ್-ಈವೆಂಟ್ಸ್ ಅನ್ನೋದನ್ನ 'ಡಿಸೇಬಲ್ಡ್-ಆನ್-ಎಕ್ಸ್‌ಟರ್ನಲ್-ಮೌಸ್' ಮಾಡಬೇಕು. ಕರೆಂಟ್ ಹೋಗಿ ಲ್ಯಾಪ್‌ಟಾಪ್ ತೊಡೆ ಮೇಲೆ ಇಟ್ಟುಕೊಂಡಾಗ ಮೌಸ್ ಕಿತ್ತರೆ ಟಚ್‌ಪ್ಯಾಡ್ ತಾನಾಗೇ ಬರುತ್ತೆ.

ವಿವಿರೋಡ್_ಡಿಟಿಪಿ
ಎರಡೂ ಹಾಕಿಕೊಂಡೆ. ಸಂಜೆಯಿಂದ ಒಂದು ಪತ್ರಿಕೆ ಪೂರ್ತಿ ಹೊಡೆದೆ, ಎಲ್ಲ ಅವರವರ ಜಾಗದಲ್ಲೇ ಇದ್ದಾರೆ. ಥ್ಯಾಂಕ್ಸ್ ಎಲ್ಲರಿಗೂ.