ಜೂನ್‌ನಲ್ಲಿ ಅಪ್ಪ-ಅವ್ವನ ಜೊತೆ ಸ್ಟಾಕ್‌ಹೋಮ್: ಏನು ನೋಡಬೇಕು, ಏನು ಬಿಡಬೇಕು?

ಮಾಳಮಡ್ಡಿ_ಧಾರವಾಡ:
ಎಲ್ಲರಿಗೂ ನಮಸ್ಕಾರ. ಜೂನ್ ಕೊನೆಗೆ ಅಪ್ಪ-ಅವ್ವನನ್ನು ಯುರೋಪಿಗೆ ಕರ್ಕೊಂಡು ಹೋಗಬೇಕು ಅಂತಿದ್ದೇನೆ. ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವರು, ಸ್ಟಾಕ್‌ಹೋಮ್ ನೋಡಲೇಬೇಕು ಅಂತ ಅವರ ಆಸೆ. ಅವ್ವನಿಗೆ ಮಂಡಿನೋವು, ಜಾಸ್ತಿ ನಡೆಯೋಕೆ ಆಗಲ್ಲ. ನಾವು ಪೂರ್ತಿ ಸಸ್ಯಾಹಾರಿಗಳು, ಮೊಟ್ಟೆನೂ ಇಲ್ಲ. ಏಜೆಂಟ್ ಒಬ್ಬರು ಒಂದೇ ವಾರದಲ್ಲಿ ಓಸ್ಲೋ, ಸ್ಟಾಕ್‌ಹೋಮ್, ಕೋಪನ್‌ಹೇಗನ್ ಮೂರೂ ಮುಗಿಸೋಣ ಅಂತಾರೆ. ಒಪ್ಪಬಹುದಾ? ಹೋಗಿ ಬಂದವರು ಹೇಳಿ ಪ್ಲೀಸ್.

ವಿದ್ಯಾನಗರ_ಹುಬ್ಬಳ್ಳಿ:
ಮೂರು ಊರು ಬೇಡ ರೀ. ಸ್ಟಾಕ್‌ಹೋಮ್ ಒಂದನ್ನೇ ಇಟ್ಕೊಳ್ಳಿ. ನಾನು ಓದೋಕೆ ಅಂತ ಅಲ್ಲಿದ್ದಾಗ ಪ್ಯಾಕೇಜಿನಲ್ಲಿ ಬಂದ ವಯಸ್ಸಾದವರನ್ನು ನೋಡಿದ್ದೇನೆ, ಅರಮನೆ ಮುಂದೆ ಒಂದು ಫೋಟೋ ಹೊಡ್ಕೊಂಡು ಮತ್ತೆ ಬಸ್ ಹತ್ತುತ್ತಾರೆ, ಅಷ್ಟೇ.

ನಿಮ್ಮ ಅಪ್ಪನವರಿಗೆ ಇತಿಹಾಸ ಅಂದ್ರೆ ಪ್ರೀತಿ ಅಂದಮೇಲೆ ವಾಸಾ ಮ್ಯೂಸಿಯಮ್ಮಿಗೆ ಅರ್ಧ ದಿನ ಕೊಡಿ. ಗಡಿಬಿಡಿ ಮಾಡಬೇಡಿ. ಅಲ್ಲಿಟ್ಟಿರುವ ವಾಸಾ ಅಂದ್ರೆ ಸ್ವೀಡನ್ನಿನ ರಾಜ ಎರಡನೇ ಗುಸ್ತಾವ್ ಅಡೋಲ್ಫ್ ಕಟ್ಟಿಸಿದ 64 ತೋಪುಗಳ ಯುದ್ಧನೌಕೆ. 1628ರ ಆಗಸ್ಟ್ 10ರಂದು ಮೊದಲ ಸಲ ಹೊರಟಿತು, ಬಂದರಿನಿಂದ ಸುಮಾರು 1300 ಮೀಟರ್ ಹೋಗುವಷ್ಟರಲ್ಲಿ ಗಾಳಿಗೆ ವಾಲಿ, ತೋಪಿನ ಕಿಂಡಿಗಳಿಂದ ನೀರು ನುಗ್ಗಿ, ಊರ ಜನ ನೋಡ್ತಾ ಇದ್ದಂತೆ ಮುಳುಗಿತು. ಮೇಲೆ ಭಾರ ಜಾಸ್ತಿ, ಕೆಳಗೆ ಸಾಲದು. ಹೊರಡುವ ಮೊದಲು ಮೂವತ್ತು ಜನರನ್ನು ಡೆಕ್ ಮೇಲೆ ಆ ಕಡೆ ಈ ಕಡೆ ಓಡಿಸಿ ಪರೀಕ್ಷೆ ಮಾಡಿದ್ದರು, ಹಡಗು ತೂಗಾಡಿದ್ದು ನೋಡಿ ಹೆದರಿ ಅರ್ಧಕ್ಕೇ ನಿಲ್ಲಿಸಿದರು, ಆದರೂ ಕಳಿಸಿದರು! ವಿಚಾರಣೆ ಆಯ್ತು, ಶಿಕ್ಷೆ ಮಾತ್ರ ಯಾರಿಗೂ ಆಗಲಿಲ್ಲ.

1961ರಲ್ಲಿ ಮೇಲೆತ್ತಿದಾಗ ಮರ ಹೆಚ್ಚುಕಡಿಮೆ ಹಾಗೇ ಇತ್ತು. ಬಾಲ್ಟಿಕ್ ಸಮುದ್ರದಲ್ಲಿ ಉಪ್ಪು ಕಡಿಮೆ, ಹಾಗಾಗಿ ಹಡಗಿನ ಮರ ತಿನ್ನುವ ಹುಳ ಅಲ್ಲಿ ಬದುಕಲ್ಲ. ಆಮೇಲೆ ಮರ ಒಣಗಿ ಸೀಳಬಾರದು ಅಂತ 17 ವರ್ಷ ರಾಸಾಯನಿಕ ಸಿಂಪಡಿಸಿದರು. ಒಳಗೆ ಮಬ್ಬು ಬೆಳಕು. ಕಣ್ಣು ಹೊಂದಿಕೊಂಡ ಮೇಲೆ ತೋಪಿನ ಕಿಂಡಿಯ ಮುಚ್ಚಳಗಳ ಕಡೆ ನೋಡಿ, ಒಳಮೈಯಲ್ಲಿ ಬಾಯಿ ತೆರೆದ ಸಿಂಹದ ಮುಖ ಕೆತ್ತಿದ್ದಾರೆ, ಶತ್ರುವಿನ ಎದುರು ಮುಚ್ಚಳ ಎತ್ತಿದಾಗ ಮಾತ್ರ ಕಾಣಲಿ ಅಂತ. ಲಿಫ್ಟ್ ಇದೆ, ಅವ್ವನಿಗೆ ಮೆಟ್ಟಿಲ ಚಿಂತೆ ಇಲ್ಲ.

ಬೆಟಗೇರಿ_ಗದಗ:
ಊಟದ ವಿಷಯ ನಾನು ಹೇಳ್ತೀನಿ ಅಕ್ಕಾರೆ/ಅಣ್ಣಾರೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಧಾರಾಳವಾಗಿ ಒಯ್ಯಿರಿ. ಪೇಡೆ ಮತ್ತು ತುಪ್ಪ ಮನೇಲೇ ಬಿಡಿ, ಹೊರದೇಶದ ಹಾಲಿನ ಪದಾರ್ಥ ಒಳಗೆ ತರಬಾರದು ಅಂತ ಯುರೋಪಿಯನ್ ಒಕ್ಕೂಟದ ನಿಯಮ ಇದೆ. ಧಾರವಾಡದವರಿಗೆ ಇದು ಕಷ್ಟ, ಗೊತ್ತು. ಅಲ್ಲಿ ಫಲಾಫೆಲ್ (ಕಡಲೆಯ ವಡೆಯಂಥದ್ದು) ಎಲ್ಲೆಡೆ ಸಿಗುತ್ತದೆ. ಬೋರ್ಡಿನಲ್ಲಿ 'ವೆಗೆಟಾರಿಸ್ಕ್' ಅಂತಿದ್ದರೆ ಮೊಟ್ಟೆ ಇರಬಹುದು, 'ವೆಗಾನ್ಸ್ಕ್' ಅಂತಿದ್ದರೆ ನಿಮಗೆ ನಡೆಯುತ್ತದೆ. ವಾರದ ದಿನಗಳಲ್ಲಿ ಮಧ್ಯಾಹ್ನದ ಊಟ ರಾತ್ರಿಗಿಂತ ಅಗ್ಗ, ಬ್ರೆಡ್, ಸಲಾಡ್, ಕಾಫಿ ಸಾಮಾನ್ಯವಾಗಿ ಅದರಲ್ಲೇ ಬರುತ್ತವೆ. ನಲ್ಲಿ ನೀರು ಧೈರ್ಯವಾಗಿ ಕುಡೀರಿ. ನೋಟು ಬದಲಾಯಿಸೋಕೆ ಹೋಗಬೇಡಿ, ಬಹಳ ಕಡೆ ನಗದು ತಗೊಳ್ಳೋದೇ ಇಲ್ಲ. ಕಾರ್ಡ್ ಸಾಕು. ಹಣ ಯುರೋ ಅಲ್ಲ, ಕ್ರೋನಾ.

ಹಾವೇರಿ_ಏಲಕ್ಕಿ:
ಮೇಲಿನವರು ಹೇಳಿದ್ದು ಸರಿ, ಆದರೆ ಕೋಪನ್‌ಹೇಗನ್ ಪೂರ್ತಿ ಬಿಡಿ ಅನ್ನಲ್ಲ. ರೈಲಿನಲ್ಲಿ ಐದು ಗಂಟೆ ಚಿಲ್ಲರೆ. ಕೂತ್ಕೊಂಡು ಹೋಗೋದಲ್ವಾ, ಅವ್ವನಿಗೂ ತೊಂದರೆ ಇಲ್ಲ.

ಅವ್ವನಿಗೋಸ್ಕರ ಸ್ಕಾನ್ಸೆನ್ ಎಂಬ ಬಯಲು ಮ್ಯೂಸಿಯಂ ಸೇರಿಸಿ. ವಾಸಾ ಇರುವ ಯೂರ್‌ಗೋರ್ಡೆನ್ ದ್ವೀಪದಲ್ಲೇ ಇದೆ. ನಮ್ಮ ಗೊಟಗೋಡಿಯ ರಾಕ್ ಗಾರ್ಡನ್ನಿನಲ್ಲಿ ಹಳ್ಳಿ ಬದುಕನ್ನು ಗೊಂಬೆಗಳಲ್ಲಿ ತೋರಿಸಿದ್ದಾರಲ್ಲ, ಇಲ್ಲಿ ಮನೆಗಳೇ ನಿಜವಾದವು. ಆರ್ಥರ್ ಹಜೇಲಿಯಸ್ ಎಂಬುವರು ಬೇರೆ ಬೇರೆ ಸೀಮೆಯ ಹಳೇ ಮನೆಗಳನ್ನು ಬಿಚ್ಚಿ ತಂದು ಜೋಡಿಸಿ 1891ರಲ್ಲಿ ಶುರು ಮಾಡಿದ್ದು. ಜಾಗ ಏರು, ಆದರೆ ಮುಖ್ಯ ಬಾಗಿಲಲ್ಲಿ ಎಸ್ಕಲೇಟರ್ ಇದೆ.

ಮಾಳಮಡ್ಡಿ_ಧಾರವಾಡ:
ತುಂಬಾ ಧನ್ಯವಾದ. ಓಸ್ಲೋ ಬಿಟ್ಟೆವು. ಹಳೇ ಊರು, ಗಾಮ್ಲಾ ಸ್ತಾನ್, ಅವ್ವನಿಗೆ ಆಗುತ್ತಾ? ನೊಬೆಲ್ ಊಟ ಹಾಕುವ ಕಟ್ಟಡ ಒಳಗೆ ಬಿಡ್ತಾರಾ? ಅಪ್ಪನ ಪ್ರಶ್ನೆ.

ವಿದ್ಯಾನಗರ_ಹುಬ್ಬಳ್ಳಿ:
ಅದು ಸಿಟಿ ಹಾಲ್, 1923ರದ್ದು. ಗೈಡ್ ಜೊತೆಗೆ ಮಾತ್ರ ಬಿಡ್ತಾರೆ. ಗೋಲ್ಡನ್ ಹಾಲಿನ ಗೋಡೆ ತುಂಬಾ ಚಿನ್ನದ ಬಣ್ಣದ ಮೊಸಾಯಿಕ್, ಒಂದು ಕೋಟಿ ಎಂಬತ್ತು ಲಕ್ಷಕ್ಕೂ ಜಾಸ್ತಿ ಚೂರುಗಳು. ನಮ್ಮ ಸಿ.ವಿ. ರಾಮನ್ 1930ರಲ್ಲಿ ಈ ಊರಿಗೇ ಬಂದು ನೊಬೆಲ್ ತಗೊಂಡರು ಅಂತ ಅಪ್ಪನವರಿಗೆ ಗೊತ್ತೇ ಇರುತ್ತೆ.

ಗಾಮ್ಲಾ ಸ್ತಾನ್‌ನಲ್ಲಿ ಉರುಟು ಕಲ್ಲಿನ ದಾರಿ, ಮಂಡಿಗೆ ಕಷ್ಟ. ದಪ್ಪ ಅಟ್ಟೆಯ ಬೂಟು ಹಾಕಿಸಿ, ಬೆಳಗ್ಗೆ ಜನ ಸೇರುವ ಮೊದಲೇ ಸ್ಟೋರ್‌ಟೋರ್ಯೆಟ್ ಚೌಕಕ್ಕೆ ಹೋಗಿ ಬೆಂಚಿನಲ್ಲಿ ಕೂತ್ಕೊಳ್ಳಿ. 1520ರಲ್ಲಿ ಡೆನ್ಮಾರ್ಕಿನ ರಾಜ ಎರಡನೇ ಕ್ರಿಶ್ಚಿಯನ್ ಊರ ಪ್ರಮುಖರ ತಲೆ ಕಡಿಸಿದ್ದು ಅಲ್ಲೇ, ನೊಬೆಲ್ ಮ್ಯೂಸಿಯಂ ಇರೋದೂ ಅಲ್ಲೇ. ಅಲ್ಲಿಂದ ಸ್ಲುಸ್ಸೆನ್‌ಗೆ ಇಳಿದು ದೋಣಿ ಹತ್ತಿದರೆ ಯೂರ್‌ಗೋರ್ಡೆನ್. ಮೆಟ್ರೋ-ಬಸ್ಸಿನ ಟಿಕೆಟ್ಟೇ ಅದಕ್ಕೂ ನಡೆಯುತ್ತದೆ.

ಇನ್ನೊಂದು. ಜೂನ್ 19ರಿಂದ 25ರ ನಡುವೆ ಬರುವ ಶುಕ್ರವಾರ ಮಿಡ್‌ಸಮರ್ ಹಬ್ಬದ ಮುನ್ನಾದಿನ, ಊರೇ ಹಳ್ಳಿಗೆ ಹೋಗಿಬಿಡುತ್ತದೆ, ಎಷ್ಟೋ ಅಂಗಡಿ ಮುಚ್ಚಿರುತ್ತವೆ. ಆ ದಿನ ಸ್ಕಾನ್ಸೆನ್ ಇಟ್ಕೊಳ್ಳಿ, ಅಲ್ಲಿ ಹೂವಿನ ಕಂಬದ ಸುತ್ತ ಕುಣಿತಾರೆ, ಯಾರು ಬೇಕಾದರೂ ಸೇರಬಹುದು. ರಾತ್ರಿ ಹತ್ತಾದರೂ ಬೆಳಕಿರುತ್ತೆ, ಅವ್ವನಿಗೆ ಕಣ್ಣಪಟ್ಟಿ ಒಯ್ಯಿರಿ. ಯುರೋಪಿನ ಈ ದೇಶಗಳಿಗೆಲ್ಲ ನಡೆಯುವ ಶೆಂಗೆನ್ ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯುರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ವಯಸ್ಸಾದವರಿಗೆ ಪಾಲಿಸಿ ಹುಡುಕೋಕೆ ಟೈಮ್ ಹಿಡಿಯುತ್ತೆ, ಅದನ್ನೇ ಮೊದಲು ಶುರು ಮಾಡಿ.