ಕೋಗಿಲೆ ಎಲ್ಲಿಗೂ ಹೋಗಿರಲಿಲ್ಲ

ದೊಡ್ಡಪ್ಪ (ಚಿತ್ರದುರ್ಗ): [ಹಲವು ಬಾರಿ ಫಾರ್ವರ್ಡ್ ಆಗಿದೆ] ‘ಚಳಿಗಾಲದಲ್ಲಿ ಹಿಮಾಲಯ ಸೇರುವ ಕೋಗಿಲೆ ಯುಗಾದಿಗೆ ಮರಳುತ್ತದೆ. ಫೆಬ್ರವರಿಯಲ್ಲೇ ಬಂದು ಕೂಗಿದರೆ ಆ ವರ್ಷ ಬರಗಾಲ ಖಚಿತ.’ ನಮ್ಮ ಹಿತ್ತಲಲ್ಲಿ ಮೂರು ದಿನದಿಂದ ಕೂಗುತ್ತಿದೆ. ಕೊಳವೆಬಾವಿಯ ನೀರನ್ನು ಎಲ್ಲರೂ ಹಿಡಿತದಲ್ಲಿ ಬಳಸಿರಿ.

ತಮ್ಮ: ಇದನ್ನು ಯಾರು, ಯಾವ ಆಧಾರದ ಮೇಲೆ ಬರೆದರು ಎಂಬುದು ಇದರಲ್ಲಿ ಎಲ್ಲಿದೆ, ದೊಡ್ಡಪ್ಪ? ಹೋದ ವರ್ಷ ಮೊಬೈಲ್ ಟವರ್‌ನಿಂದ ಗುಬ್ಬಚ್ಚಿಗಳೆಲ್ಲ ಸತ್ತವೆಂದು ನೀವು ಕಳಿಸಿದಾಗಲೂ ಇದನ್ನೇ ಕೇಳಿದ್ದೆ, ಉತ್ತರ ಬರಲಿಲ್ಲ.

ಸೋದರತ್ತೆ: ಆಧಾರ ಕೇಳುವ ಮೊದಲು ಹಿರಿಯರೊಡನೆ ಮಾತಾಡುವ ರೀತಿಯನ್ನು ಕಲಿಯಬೇಕು. ನಮ್ಮಪ್ಪ ಹಕ್ಕಿಯ ದನಿ ಕೇಳಿ ಮಳೆಯ ಅಂದಾಜು ಹೇಳುತ್ತಿದ್ದರು, ಅವರಿಗೆ ಯಾರೂ ಎದುರಾಡಿದ್ದಿಲ್ಲ.

ಅಕ್ಕ: ಹಳೆಯ ಮನೆಯ ಬೇವಿನ ಮರದ ಕೋಗಿಲೆ ನೆನಪಾಯಿತು. ನಾವು ಅಟ್ಟದ ಕಿಟಕಿಯಿಂದ ಕೂ ಎಂದರೆ ಅದು ಇನ್ನೂ ಏರುದನಿಯಲ್ಲಿ ಕೂಗುತ್ತಿತ್ತು, ಕೊನೆಗೆ ನಮ್ಮ ಗಂಟಲೇ ಸೋಲುತ್ತಿತ್ತು. ಪಾಲಾದ ಮೇಲೆ ಆ ಮರವನ್ನು ಕಡಿಸಿದವರೇ ಈಗ ಕೋಗಿಲೆಯ ಕೂಗನ್ನು ಅಪಶಕುನವೆಂದಾಗ ನೋವಾಗುತ್ತದೆ.

ನಾನು (ದಾವಣಗೆರೆ): ಮರದ ಮಾತು ಆಮೇಲಾಗಲಿ, ಹಕ್ಕಿಯ ಮಾತು ಮುಗಿಸೋಣ. ಕೋಗಿಲೆ ನಮ್ಮ ಸೀಮೆಯಲ್ಲಿ ವರ್ಷವಿಡೀ ಇರುವ ಹಕ್ಕಿ. ಚಳಿಗಾಲದಲ್ಲಿ ಬಹುಮಟ್ಟಿಗೆ ಮೌನವಾಗಿರುವುದರಿಂದ ಊರು ಬಿಟ್ಟಿತೆಂದು ನಾವು ತಿಳಿಯುತ್ತೇವೆ. ಜನವರಿಯಲ್ಲಿ ನಮ್ಮ ಗಸಗಸೆ ಹಣ್ಣಿನ ಮರದಲ್ಲಿ ಕಂದು ಮೈತುಂಬ ಬಿಳಿ ಚುಕ್ಕೆಯಿದ್ದ ಕೆಂಗಣ್ಣಿನ ಹಕ್ಕಿಯೊಂದು ಸದ್ದಿಲ್ಲದೆ ಹಣ್ಣು ನುಂಗುತ್ತಿದ್ದ ಫೋಟೊವನ್ನು ಇದೇ ಗುಂಪಿಗೆ ಹಾಕಿದ್ದೆ; ಅದೇ ಹೆಣ್ಣು ಕೋಗಿಲೆ. ಹಗಲು ಹಿಗ್ಗಿ, ಕಾಗೆಗಳು ಗೂಡು ಕಟ್ಟುವ ಕಾಲ ಹತ್ತಿರವಾದಾಗ ಕಪ್ಪು ಗಂಡು ಸಂಗಾತಿಗಾಗಿ ಕೂಗತೊಡಗುತ್ತದೆ, ಏಕೆಂದರೆ ಕೋಗಿಲೆಗಳ ಮೊಟ್ಟೆಗೆ ಹೆಚ್ಚಾಗಿ ಕಾಗೆಯ ಗೂಡೇ ಬೇಕು. ಈ ದಿನಗಳಲ್ಲೇ, ಗಂಟಲಿಗೊಂದು ಕಪ್ಪು ಗೆರೆ ಮಾತ್ರ ಉಳಿಸಿಕೊಂಡಿದ್ದ ಗಂಡು ಸೂರಕ್ಕಿಯೂ ದಾಸವಾಳದ ಬಳಿ ತೇಪೆ ತೇಪೆಯಾಗಿ ನೀಲಿಗಪ್ಪು ಬಣ್ಣ ತಳೆಯುತ್ತಿದೆ. ನಿಜವಾಗಿ ಊರು ಬಿಡುವುದು ಗುಲಾಬಿ ಕಬ್ಬಕ್ಕಿಗಳು. ಮಧ್ಯ ಏಷ್ಯಾದ ಕಡೆಯಿಂದ ಬಂದ ಅವು ಏಪ್ರಿಲ್ ಹೊತ್ತಿಗೆ ಹೊರಡುತ್ತವೆ. ತಮ್ಮ ಕೇಳಿದ ಆಧಾರ ನಮ್ಮಂಥವರಿಂದಲೇ ಹುಟ್ಟಬೇಕು: ಅಮೆರಿಕದಲ್ಲಿ 1998ರಲ್ಲಿ ಆರಂಭವಾಗಿ 2013ರಿಂದ ಭಾರತದಲ್ಲೂ ನಡೆಯುತ್ತಿರುವ ಫೆಬ್ರವರಿಯ ಹಿತ್ತಲ ಹಕ್ಕಿ ಎಣಿಕೆಗೆ 15 ನಿಮಿಷ ಕುಳಿತು ಕಂಡದ್ದನ್ನು ಬರೆದರೂ ಸಾಕು.

ಸೋದರತ್ತೆ: ಇಷ್ಟುದ್ದ ಬರೆದೆ, ಅಣ್ಣನ ಮೇಲೆ ಹೊರಿಸಿದ ಮರದ ಮಾತಿಗೆ ಮಾತ್ರ ಉತ್ತರವಿಲ್ಲ.

ದೊಡ್ಡಪ್ಪ: ಬೇರು ಗೋಡೆಯನ್ನು ಸೀಳಿದ್ದರಿಂದ ಕಡಿಸಿದೆ, ಆ ಸಂಕಟ ನನಗೂ ಇದೆ. ಅದೇ ವಾರ ನೆಟ್ಟ ಹೊಂಗೆ ಈಗ ಮಾಳಿಗೆಗಿಂತ ಎತ್ತರವಾಗಿದೆ. ಮೇಲಿನ ಕವಲಿಗೆ ಕಾಗೆಯೊಂದು ಕಡ್ಡಿ ತಂದಿಡುತ್ತಿದೆ, ಕೋಗಿಲೆ ಕೂಗುತ್ತಿರುವುದೂ ಅಲ್ಲಿಂದಲೇ.